ಅಕ್ಕನ ಹೊಟ್ಟೆಯ ಮೇಲಿನ ಕಲೆ

೨೦೨೪ರ ಆಗಸ್ಟ್ ೧೨, ಸೋಮವಾರ. ಆಧಾರ: ಚಳ್ಳಕೆರೆಯ ಔಷಧಿ ಅಂಗಡಿಯೊಂದರ ರಸೀದಿ. ಮೂತ್ರದ ಸೋಂಕಿಗೆಂದು ಅಕ್ಕನಿಗೆ ಏಳು ದಿನಗಳ ಆಂಟಿಬಯಾಟಿಕ್ ಮಾತ್ರೆ ಕೊಂಡದ್ದು ಅಂದು. ಅಕ್ಕ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ನಿವೃತ್ತನಾದ ನಾನು ಚಳ್ಳಕೆರೆಯಲ್ಲಿದ್ದುದರಿಂದ ಅಲ್ಲಿನ ವೈದ್ಯರ ಬಳಿಗೆ ಕರೆದೊಯ್ದವನು ನಾನೇ.

ಹೃದಯದ ಕವಾಟ ಬದಲಿಸಿಕೊಂಡಿದ್ದ ಆಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೊಂದನ್ನು ವರ್ಷಗಳಿಂದ ಪ್ರತಿ ಸಂಜೆ ಮಗ್ಗದಿಂದ ಎದ್ದೊಡನೆ ನುಂಗುತ್ತಿದ್ದಳು. ಮನೆಯವರ ಕಣ್ಣಿಗೆ ಅದು ಔಷಧಿಯಾಗಿ ಉಳಿದಿರಲಿಲ್ಲ. ಸಂಜೆಯ ಕಾಫಿಯಷ್ಟೇ ಸಹಜವಾಗಿತ್ತು. ಕೆಲವು ಆಂಟಿಬಯಾಟಿಕ್‌ಗಳು ಆ ಮಾತ್ರೆಯ ಪರಿಣಾಮವನ್ನು ಅಪಾಯದ ಮಟ್ಟಕ್ಕೆ ಏರಿಸಿ ಮೈಯೊಳಗೇ ರಕ್ತ ಸೋರುವಂತೆ ಮಾಡಬಲ್ಲವು; ಎರಡನ್ನೂ ಕೊಡಲೇಬೇಕಾದರೆ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತ ಪ್ರಮಾಣವನ್ನು ಹೊಂದಿಸಬೇಕು. ಇದು ನನಗೆ ತಿಳಿದದ್ದು ಅನಂತರ.

ಆರನೆಯ ದಿನ, ಶನಿವಾರ (ಬಸ್ಸಿನ ಟಿಕೆಟ್ ನೋಡಿ ಖಚಿತಪಡಿಸಿಕೊಂಡಿದ್ದೇನೆ), ಆಕೆಯನ್ನು ನೋಡಲು ಮೊಳಕಾಲ್ಮುರಿಗೆ ಹೋದೆ. ಮಗ್ಗದಿಂದ ಎದ್ದು ಬಂದ ಅಕ್ಕನ ಹೊಟ್ಟೆಯ ಪಕ್ಕದಲ್ಲಿ ಅಂಗೈಯಗಲದ ಕಪ್ಪು ಕಲೆಯಿತ್ತು.

"ಏನಕ್ಕಾ ಅದು?"

"ದಿಂಡು ಒತ್ತೈತೆ ಕಣೋ. ಮಗ್ಗದಾಗೆ ಕುಂತೋರ ಹೊಟ್ಟೆ ಕಪ್ಪಾಗ್ದೆ ಬೆಳ್ಳಗಾಗ್ತೈತಾ? ಕುರ್ಚಿ ಮ್ಯಾಲೆ ಕುಂತು ಪಿಂಚಣಿ ತಿನ್ನೋನು, ನಿಂಗೇನು ಗೊತ್ತು!"

ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ನೇಕಾರರ ಹೊಟ್ಟೆಗೆ ದಿನವಿಡೀ ತಾಗುತ್ತಿರುತ್ತದೆ. ಅವ್ವನಿಗೂ ಅಂಥ ಕಲೆಯಿತ್ತು. ನಂಬಿದೆ.

"ಮಾತ್ರೆ ತಗೊಂತಿದೀಯಾ?"

"ಒಂದೂ ತಪ್ಪಿಸಿಲ್ಲಪ್ಪ. ಹೊಸಾವು ನಾಳೆಗೆ ಮುಗೀತಾವೆ."

ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅಕ್ಕನಿಗೆ ರಕ್ತ ವಾಂತಿಯಾಯಿತು. ಕಾರಿನಲ್ಲಿ ಬಳ್ಳಾರಿಗೆ ಹೊರಟೆವು. ರಾಂಪುರ ದಾಟುವಷ್ಟರಲ್ಲಿ ಆಕೆಯ ಮಾತು ನಿಂತಿತ್ತು. ಆಸ್ಪತ್ರೆಯ ವೈದ್ಯೆ ಎರಡೂ ಮಾತ್ರೆಗಳ ಸ್ಟ್ರಿಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದರು: "ಇದನ್ನ ಬರೆದುಕೊಟ್ಟ ಡಾಕ್ಟರಿಗೆ ಹೃದಯದ ಮಾತ್ರೆ ವಿಷಯ ಹೇಳಿದ್ರಾ?"

"ಅವರು ಕೇಳ್ಲೇ ಇಲ್ಲ ಮೇಡಂ," ಎಂದೆ.

ಆಗಸ್ಟ್ ೨೦, ಮಂಗಳವಾರ, ಅಕ್ಕ ತೀರಿಕೊಂಡಳು. ಮರಣ ಪ್ರಮಾಣಪತ್ರದಲ್ಲಿಯೂ ಅದೇ ದಿನಾಂಕವಿದೆ.

ವೈದ್ಯರು ಕೇಳಲಿಲ್ಲವೆಂಬ ಅದೇ ಮಾತನ್ನು ಬಂಧುಗಳಿಗೂ ನೆರೆಹೊರೆಯವರಿಗೂ ಹೇಳುತ್ತ ಬಂದಿದ್ದೇನೆ. ಆ ವೈದ್ಯರು ಕನ್ನಡಕ ಒರೆಸಿಕೊಂಡು ನೇರವಾಗಿ ಚೀಟಿ ಬರೆಯಲಾರಂಭಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇದನ್ನು ಬರೆಯುವ ಮುನ್ನ, ದಿನಾಂಕವನ್ನು ತಾಳೆ ನೋಡಲೆಂದು, ಅಕ್ಕನ ಪೆಟ್ಟಿಗೆಯಲ್ಲಿದ್ದ ಆ ಚೀಟಿಯನ್ನು ತೆಗೆದೆ. ದಿನಾಂಕ ಸರಿಯಾಗಿದೆ. ಆಂಟಿಬಯಾಟಿಕ್ ಹೆಸರಿನ ಮೇಲಿನ ಸಾಲಿನಲ್ಲಿ, ವೈದ್ಯರ ಕೈಬರಹದಲ್ಲಿ ಹೀಗಿದೆ: "ಬೇರೆ ಮಾತ್ರೆ ಇಲ್ಲ. ತಮ್ಮನ ಹೇಳಿಕೆ."