ತಂತಿ ಕಡಿದ ಮೇಲೂ ಏರಿದ ಗಾಳಿಯ ಅಂಕಿ

ಇದನ್ನು ಹೇಳಬೇಕೆಂದು ಹಲವು ಸಲ ಕೂತು, ಬೇರೇನೋ ಮಾತಾಡಿ ಎದ್ದುಹೋಗಿದ್ದೇನೆ. ಹೆದರಿಕೆಯಿಂದಲ್ಲ. ಇದನ್ನು ಹೇಳಿದರೆ ಇದರ ಪಕ್ಕದಲ್ಲಿರುವ ಇನ್ನೊಂದನ್ನೂ ಹೇಳಬೇಕಾಗುತ್ತದೆ, ಅದಕ್ಕೆ. ಗಾಳಿ ಸೋಕಿತು, ದೆವ್ವ ಕಂಡಿತು ಎಂದವರ ಮುಖದೆದುರೇ ನಗುತ್ತಿದ್ದವನು ನಾನು. ಹತ್ತನೇ ಕ್ಲಾಸು ಪಾಸಾಗಿದ್ದೇನೆ, ಅಳೆದು ತೋರಿಸಿದ್ದನ್ನು ಮಾತ್ರ ನಂಬುತ್ತೇನೆ ಎಂಬ ಜಂಬ ಇತ್ತು.

ತಮಿಳು ಸೀಮೆಯಲ್ಲಿ, ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿ ಕಡೆಯ ಒಂದು ಸಬ್ಬಕ್ಕಿ ಕಾರ್ಖಾನೆಯಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಮರಗೆಣಸಿನಿಂದ ಮಾಡಿದ ಹಸಿ ಸಬ್ಬಕ್ಕಿಯನ್ನು ಸಿಮೆಂಟ್ ಕಣದಲ್ಲಿ ಹರಡಿ ಒಣಗಿಸುತ್ತಿದ್ದೆವು. ಮಳೆ ಬರುವಂತಾದರೆ ಹೆಂಗಸರು ಅದನ್ನೆಲ್ಲ ಬಳಿದು ಪಕ್ಕದ ತಗಡಿನ ಶೆಡ್ಡಿಗೆ ಸಾಗಿಸಬೇಕು. ಅಂದರೆ ಮಳೆಗಾಳಿ ಬರುವ ಹೊತ್ತಿಗೆ ಸರಿಯಾಗಿ ಎಲ್ಲರೂ ತಗಡಿನ ಕೆಳಗೇ ಇರುತ್ತಿದ್ದರು.

ಒಂದು ವರ್ಷ ಯಾವುದೋ ಕಾಲೇಜಿನವರು ಬಂದು, ಗುಡುಗುಮಳೆಯ ಗಾಳಿ ಅಳೆಯುತ್ತೇವೆಂದು ಕಣದ ಮೂಲೆಯಲ್ಲಿ ಕಂಬ ನೆಟ್ಟರು. ಅದರ ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳು. ಅಲ್ಲಿಂದ ಒಂದು ತಂತಿ ನನ್ನ ಕೋಣೆಯ ಪೆಟ್ಟಿಗೆಗೆ. ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಕಾಣುತ್ತಿತ್ತು. ಅವರು ಬಿಡಿಸಿ ಹೇಳಿದ್ದರು: ಇದು ಹತ್ತು ನಿಮಿಷದ ಸರಾಸರಿ, ಮೋಡದಿಂದ ಕೆಳಕ್ಕೆ ಬೀಳುವ ಗಾಳಿ ನಿಮಿಷದೊಳಗೆ ಬಂದು ಹೋಗಿಬಿಡುತ್ತದೆ, ಅಂಕಿ ನೋಡಿಕೊಂಡು ಕೂರಬೇಡಿ, ಮೋಡ ಕಪ್ಪಾದರೆ ಜನರನ್ನು ತಾರಸಿ ಕಟ್ಟಡಕ್ಕೆ ಕಳಿಸಿ. ಶೆಡ್ಡಿನ ಅಂಚಿನ ಕೊಕ್ಕೆಗಳು ತುಕ್ಕು ಹಿಡಿದಿವೆ, ಗಾಳಿ ಮೊದಲು ಅಂಚನ್ನೇ ಎತ್ತುವುದು ಎಂದೂ ತೋರಿಸಿದರು. ತಲೆಯಾಡಿಸಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ರಿಪೇರಿ ಕೆಲಸ ನನ್ನ ತಲೆಗೇ ಬರುತ್ತಿತ್ತು.

ಚಿತ್ತಿರೆ ತಿಂಗಳ, ಬಿರುಬೇಸಿಗೆಯ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಹೆಂಗಸರು ಅರ್ಧ ಸಬ್ಬಕ್ಕಿ ಸಾಗಿಸಿದ್ದರು. ಅವರಲ್ಲೊಬ್ಬಳು ಕೋಣೆಯ ಬಾಗಿಲಿಗೆ ಬಂದಳು. ನಮ್ಮ ಕನ್ನಡದವಳೇ, ಅದಿಯಮಾನ್‌ಕೋಟೆಯಲ್ಲಿ ನಮ್ಮ ಬೀದಿಯವಳು.

"ಅಣ್ಣಾ, ಮೋಡ ಕರ್ರಗೈತೆ. ಎಲ್ಲಾರೂ ತಾರಸಿ ಕೆಳೀಕೆ ಓಗ್ತೀವಿ."

"ಮೋಡ ಕಂಡ್ರೆ ಸಾಕು ನಿನಗೆ, ಕೆಲ್ಸ ಬಿಟ್ಟು ಓಡಾಕೆ. ಪೆಟ್ಟಿ ನೋಡು, ಮೂರು ತೋರಿಸ್ತಾ ಐತೆ. ಗಾಳೀನೇ ಇಲ್ಲ."

"ಪೆಟ್ಟಿ ಒಳಗೆ ನೆಳ್ಳಾಗೆ ಕೂತೈತಲ್ಲಣ್ಣಾ, ನಿನ್ನಂಗೇ. ಅದ್ಕೇನು ಗೊತ್ತು?"

ಅವಳ ಹಿಂದೆ ಬಂದು ನಿಂತಿದ್ದ ಹೆಂಗಸರು ನಕ್ಕರು. ಆ ನಗು ನನ್ನನ್ನು ಚುಚ್ಚಿತು. "ಸುಮ್ಮಾ ಪೇಸಾದೆ, ಬಾಯಿ ಮುಚ್ಕೊಂಡು ಓಗಿ ಎಲ್ಲಾ ಒಳೀಕೆ ಆಕು, ಆಮೇಲೆ ಎಲ್ಲಿಗಾದ್ರೂ ಓಗು" ಎಂದು ಗದರಿದೆ. ಉಳಿದವರು ಬಾಗಿಲಲ್ಲೇ ತಡೆದು ನಿಂತರು. ಬೈಸಿಕೊಂಡವಳು ಅವಳು, ಅವಳೊಬ್ಬಳೇ ಶೆಡ್ಡಿಗೆ ಹೋದಳು.

ತಣ್ಣನೆಯ ಗಾಳಿ ಒಂದು ಸಲ ಮುಖಕ್ಕೆ ಬಡಿಯಿತು. ಮರುಕ್ಷಣ ಶೆಡ್ಡಿನ ಅಂಚು ಮೇಲೆದ್ದಿತು, ತಗಡುಗಳು ಒಂದರ ಹಿಂದೊಂದು ಕಿತ್ತುಹೋದವು. ಕಂಬ ಬುಡಸಮೇತ ಮಗುಚಿ ತಂತಿ ಕಡಿಯಿತು. ಕರೆಂಟು ಹೋಯಿತು. ಅಷ್ಟೇ ಬೇಗ ಎಲ್ಲ ನಿಂತಿತು. ಶೆಡ್ಡಿನ ಕಬ್ಬಿಣದ ತೊಲೆಯ ಕೆಳಗೆ ಅವಳ ಎಡಗೈ ಸಿಕ್ಕಿಕೊಂಡಿತ್ತು. ತೊಲೆ ಎತ್ತಿ ಅವಳನ್ನು ಹೊರಗೆ ತಂದೆವು.

ಯಜಮಾನರ ತಮ್ಮ ಓಡಿ ಬಂದು ನನ್ನ ಕೋಣೆಯಲ್ಲಿ ನಿಂತು ಏನಾಯಿತೆಂದು ಕೇಳಿದ. ನಾನು ಹೇಳಿದೆ: "ತಾರಸಿ ಕೆಳಗೆ ಹೋಗು ಅಂತ ಅಷ್ಟು ಹೇಳಿದೆ. ಕೇಳಲಿಲ್ಲ. ಅವಳಾಗೇ ಶೆಡ್ಡಿಗೆ ಹೋದಳು."

ಆಗ ನನ್ನ ಬೆನ್ನ ಹಿಂದೆ ಪೆಟ್ಟಿಗೆಯ ಕೆಂಪು ಅಂಕಿ ಹೊತ್ತಿಕೊಂಡಿತು. ಕರೆಂಟಿಲ್ಲ, ಅದಕ್ಕೆ ಬ್ಯಾಟರಿಯೂ ಇಲ್ಲ, ಕಂಬ ಕಣದ ಮೇಲೆ ಮಲಗಿದೆ. ಅಂಕಿ ಏರುತ್ತಾ ಹೋಯಿತು. ಅಷ್ಟು ದೊಡ್ಡ ಅಂಕಿಯನ್ನು ಆ ಪೆಟ್ಟಿಗೆಯಲ್ಲಿ ನಾನು ಕಂಡೇ ಇರಲಿಲ್ಲ. ಹೊರಗೆ ಬೇವಿನ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಯಜಮಾನರ ತಮ್ಮನೂ ನೋಡಿದ. "ಏನಯ್ಯಾ ಇದು?" ಎಂದು ತಂತಿ ಎಳೆದ. ಕಡಿದ ತುದಿ ಕೈಗೆ ಬಂತು. ಅಂಕಿ ಏರುತ್ತಲೇ ಇತ್ತು. ಅವಳನ್ನು ಹೊತ್ತ ವ್ಯಾನು ಗೇಟು ದಾಟಿದ ಮೇಲೆ ಆರಿಹೋಯಿತು.

ಕಾಲೇಜಿನವರು ಪೆಟ್ಟಿಗೆ ಬಿಚ್ಚಿ ನೋಡಿದರು. ಕರೆಂಟು ಹೋದ ಮೇಲೆ ಅದರಲ್ಲಿ ಏನೂ ದಾಖಲಾಗಿರಲಿಲ್ಲ. ನೀವು ಗಾಬರಿಯಲ್ಲಿದ್ದಿರಿ ಎಂದರು. ಯಜಮಾನರ ತಮ್ಮ ತಾನು ಏನನ್ನೂ ನೋಡಿಲ್ಲ ಎಂದುಬಿಟ್ಟ. ನಾನು ಇವತ್ತಿಗೂ ಯೋಚಿಸುತ್ತೇನೆ, ಒಂದು ಕಾರಣವೂ ಸಿಕ್ಕಿಲ್ಲ. ದೆವ್ವ ಎನ್ನಲು ಈಗಲೂ ಮನಸ್ಸು ಒಪ್ಪುವುದಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಎಲ್ಲರೂ ಗಾಳಿಗೆ ಬೈದರು. ಹಿಂದೆಂದೂ ಬರದ ಗಾಳಿ ಎಂದರು. ಅದನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಪ್ರತಿ ಚಿತ್ತಿರೆಯಲ್ಲೂ ಬರುವ ಗಾಳಿ ಅದು. ಕೊಕ್ಕೆಗೆ ತುಕ್ಕು ಹಿಡಿಸಿದ್ದು ಗಾಳಿಯಲ್ಲ, ಅವಳನ್ನು ಶೆಡ್ಡಿಗೆ ಅಟ್ಟಿದ್ದು ಗಾಳಿಯಲ್ಲ. ಮೇಸ್ತ್ರಿಯ ಮಾತು ಮೀರಿದವಳು ಎಂದು ಕಾರ್ಖಾನೆ ಅವಳ ಕೈಬಿಟ್ಟಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವರು ಕೂಲಿ ಹೋದೀತೆಂದು ಬಾಯಿ ಬಿಡಲಿಲ್ಲ. ಅವರ ಮೇಲೂ ಸಿಟ್ಟಿದೆ, ಆದರೆ ಸಿಟ್ಟು ಮಾಡಲು ನನಗೇನು ಹಕ್ಕು? ಅವಳ ಎಡಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ಹೋದ ತಿಂಗಳು ಧರ್ಮಪುರಿ ಬಸ್ಸು ಹತ್ತಿದೆ. ಕಿಕ್ಕಿರಿದಿತ್ತು. ಅವಳು ಕೂತಿದ್ದಳು. ನನ್ನ ಬಿಳಿ ತಲೆ ನೋಡಿ ಎದ್ದು, "ಕೂತ್ಕೋ ಅಣ್ಣಾ, ಮಂಡಿ ನೋವಿರ್ಬೇಕು" ಎಂದು, ಇದ್ದ ಒಂದೇ ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತಳು. ನಾನು ಕೂತೆ. ಊರು ಬರುವವರೆಗೂ ಕೂತೇ ಇದ್ದೆ.

ಅವಳ ಹೆಸರು ಮಾದಮ್ಮ.