ಕಂಡಿಯೊ, ಕೇಳಿದಿಯೊ

ನಮ್ಮ ಮನೆಯಲ್ಲಿ ಸುಳ್ಳು ಹೇಳುವುದಕ್ಕಿಂತ ದೊಡ್ಡ ತಪ್ಪು ಒಂದಿತ್ತು. ಕೇಳಿದ್ದನ್ನು ಕಂಡ ಹಾಗೆ ಹೇಳುವುದು. ನಾನು ಶಾಲೆಯಿಂದ ಬಂದವಳು ಚೀಲ ಬಿಸಾಡಿ, ಗಣಿತದ ಟೀಚರಿಗೆ ವರ್ಗವಾಯಿತು ಅಂದರೆ ಸಾಕು, ಅಪ್ಪ ಪೇಪರು ಮಡಚುತ್ತಿದ್ದರು.

"ಕಂಡಿಯೊ, ಕೇಳಿದಿಯೊ?"

"ಕೇಳಿದೆ."

"ಹಂಗಾರ 'ವರ್ಗ ಆತಂತ' ಅನ್ನು. ಆ 'ಅಂತ' ನುಂಗಬ್ಯಾಡ."

ಹಸಿದು ಬಂದ ಹುಡುಗಿಗೆ ಉಪ್ಪಿಟ್ಟಿನ ಜೊತೆ ವ್ಯಾಕರಣ ಬಡಿಸುವ ಮನೆ ಊರಲ್ಲಿ ಇನ್ನೊಂದಿರಲಿಕ್ಕಿಲ್ಲ.

ಅಪ್ಪನ ತಪ್ಪೂ ಅಲ್ಲ, ಅವರ ಕಸುಬೇ ಅದು. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಉರ್ದು, ತೆಲುಗು, ಕನ್ನಡದ ಅರ್ಜಿಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಅಜ್ಜನ ಕಾಲಕ್ಕೇ ರಾಯಚೂರು ಸೀಮೆಯಿಂದ ನೌಕರಿಗೆಂದು ಬಂದು ಹೈದರಾಬಾದಿನಲ್ಲಿ ನೆಲೆನಿಂತ ಮನೆತನ ನಮ್ಮದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬೇಗಂ ಬಜಾರಿನಲ್ಲಿ ತೊಗರಿಬೇಳೆ ಚೌಕಾಶಿಗೆ ದಖನಿ ಉರ್ದು. ಈ ಮೂರು ಮಾತಿಗೂ ಒಂದು ಪುಟ್ಟ ಬಾಲ ಇದೆ ಎನ್ನುವುದು ಅಪ್ಪನ ಹೆಮ್ಮೆ. ಕನ್ನಡದಲ್ಲಿ 'ಬಂದಾನಂತ', ತೆಲುಗಿನಲ್ಲಿ 'ವಚ್ಚಿಂಡಂಟ', ದಖನಿಯಲ್ಲಿ 'ಆಯಾ ಕತೆ'. ನಾನು ಕಣ್ಣಾರೆ ಕಂಡಿಲ್ಲ, ಮಂದಿ ಅಂದದ್ದು ಎಂದು ಒಪ್ಪಿಕೊಳ್ಳುವ ಬಾಲ.

"ಇಂಗ್ಲೀಷಿನಾಗ ಆ ಬಾಲ ಉದುರಿ ಬೀಳತೈತಿ," ಎನ್ನುತ್ತಿದ್ದರು. "ಅರ್ಜಿಯಾಗ 'ಬದುವಿನ ಕಲ್ಲು ಕಿತ್ತಾನಂತ' ಅಂತಿರತೈತಿ. ನಾ 'ಕಿತ್ತಾನ' ಅಂತ ಬರದ್ರ ಮನಶಾ ಜೇಲಿಗೆ ಹೊಕ್ಕಾನ."

ಹಾಗಾಗಿ ಅವರ ಭಾಷಾಂತರದಲ್ಲಿ ಸಾಲಿಗೊಂದು 'ಎಂದು ಹೇಳಲಾಗಿದೆ' ಇರುತ್ತಿತ್ತು. ಮೇಲಿನವರಿಗೆ ತಲೆ ಕೆಡುತ್ತಿತ್ತು. ಸಹೋದ್ಯೋಗಿಗಳು ಅವರಿಗೆ 'ಕತೆ ಸಾಬ್' ಎಂದು ಹೆಸರಿಟ್ಟರು. ಅಪ್ಪ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡೇ ನಿವೃತ್ತರಾದರು.

ಅಮ್ಮ ತೀರಿಕೊಂಡ ಮೇಲೆ ಅವರನ್ನು ನಗರದಂಚಿನ ಮಣಿಕೊಂಡದ ನನ್ನ ಫ್ಲ್ಯಾಟಿಗೆ ಕರೆತಂದೆ. ಅಲ್ಲಿನ ಬಂಡೆಗಳನ್ನೆಲ್ಲ ಸಿಡಿಸಿ ಕಂಪನಿಗಳವರಿಗಾಗಿ ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದ ವರ್ಷಗಳವು. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ನಮ್ಮ ಕಟ್ಟಡಕ್ಕೆ ಇಟಲಿಯ ಯಾವುದೋ ಊರಿನ ಹೆಸರು. ಅಪ್ಪ ಹಳೆಯ ಗೆಳೆಯರಿಗೆ ಫೋನಿನಲ್ಲಿ, "ಸದ್ಯ ಇಟಲಿಯೊಳಗ ಇದ್ದೀವಂತ" ಎಂದು ನಗುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ನಮ್ಮ ವಾದ ಶುರುವಾಗುತ್ತಿತ್ತು. ನಾನು ಹೊಸ ಕಾಲದ ವಕೀಲೆ.

"ಇಲ್ಲಿ ದೇಶದ ಎಲ್ಲಾ ಕಡೀ ಮಂದಿ ಅದಾರ, ಅಪ್ಪಾ. ಯಾರೂ ಯಾರನ್ನೂ ನೀ ಯಾವ ಊರಾಕಿ, ಯಾವ ಜಾತ್ಯಾಕಿ ಅಂತ ಕೇಳಂಗಿಲ್ಲ. ಇದು ಚಲೋ ಅಲ್ಲೇನು?"

"ಕೇಳಂಗಿಲ್ಲ ಅಂದ್ರ ಒಪ್ಪಿಕೊಂಡಾರ ಅಂತ ಅಲ್ಲವಾ. ಕೇಳೂ ಪ್ರಸಂಗ ಬಂದಿಲ್ಲ, ಅಷ್ಟ."

ನನಗೆ ಸಿಟ್ಟು ಬರುತ್ತಿತ್ತು. ಎಲ್ಲದರಲ್ಲೂ ಕಲ್ಲು ಹುಡುಕುವ ಮುದುಕ ಎಂದುಕೊಳ್ಳುತ್ತಿದ್ದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂದ ಸಂದೇಶಗಳನ್ನು ಅವರಿಗೆ ಓದಿ ಹೇಳುವುದು ನನ್ನದೇ ಕೆಲಸ. ಯಾವ ಹಣ್ಣಿನಲ್ಲಿ ವಿಷ, ಯಾವ ಬೇರಿನಿಂದ ಸಕ್ಕರೆ ಕಾಯಿಲೆ ಮಾಯ, ಯಾವ ಗ್ರಹ ಯಾವತ್ತು ಭೂಮಿಯ ಹತ್ತಿರ. ಅಪ್ಪ ಕಣ್ಣು ಮುಚ್ಚಿ ಕೇಳಿ, "ಅದರಾಗ ಎಲ್ಲಿ ಐತಿ ಅಂತ?" ಎನ್ನುತ್ತಿದ್ದರು. ಇರುತ್ತಿರಲಿಲ್ಲ. "ಬಾಯಿಲೆ ಬಂದ ಸುಳ್ಳಿಗೆ ಹೇಳಿದಾವ ಒಬ್ಬ ಇರತಿದ್ದ. ಹೋಗಿ ಕೊರಳಪಟ್ಟಿ ಹಿಡೀಬಹುದಾಗಿತ್ತು. ಇದಕ್ಕ ಅಪ್ಪನೂ ಇಲ್ಲ, ಅವ್ವನೂ ಇಲ್ಲ."

ನಮ್ಮ ಪಕ್ಕದ ಜಾಗದಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಕೆಲಸಗಾರರ ತಗಡಿನ ಶೆಡ್ಡುಗಳಿಗೆ ನೀರಿರಲಿಲ್ಲ. ನಮ್ಮ ಗೇಟಿನ ಬಳಿಯ ನಳಕ್ಕೆ ಸಂಜೆ ಒಬ್ಬ ಹೆಂಗಸು ಕೊಡ ತರುತ್ತಿದ್ದಳು. ಐವತ್ತು ದಾಟಿದಾಕೆ. ಒಂದು ದಿನ ನಳ ಕೈಕೊಟ್ಟಾಗ ಆಕೆ ಅದರ ಮನೆತನವನ್ನೆಲ್ಲ ಜಾಲಾಡಿ ಬೈದಳಂತೆ, ಅಚ್ಚ ಕನ್ನಡದಲ್ಲಿ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಹಬ್ಬ. ಅಂದಿನಿಂದ ಆಕೆ ಅವರಿಗೆ ತಂಗಿ, ಅವರು ಆಕೆಗೆ ಅಣ್ಣಾರು. ಆಕೆಯ ಸಣ್ಣ ಮಗ, ಸೊಸೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ಆಕೆ ಅಡುಗೆ ನೋಡಿಕೊಳ್ಳುತ್ತಿದ್ದಳು. ದೊಡ್ಡ ಮಗನೂ ಮೊಮ್ಮಕ್ಕಳೂ ಊರಲ್ಲಿದ್ದರು.

ಅಪ್ಪ ಆಕೆಯ ಮೇಲೂ ತಮ್ಮ ಬಾಣ ಬಿಟ್ಟರು. ಯಾರದೋ ಹೊಲದಲ್ಲಿ ಹಾವು ಮಣಿ ಉಗುಳಿದ ಕತೆ ಹೇಳುತ್ತಿದ್ದಾಗ, "ಕಂಡಿಯೊ, ಕೇಳಿದಿಯೊ?" ಎಂದರು. ಆಕೆ ಕೊಡ ಇಳಿಸಿ ನಿಂತಳು.

"ಕಂಡಿದ್ದೆಲ್ಲಾ ಖರೆ ಇರತೈತೇನ್ರಿ ಅಣ್ಣಾರ? ಬ್ಯಾಸಗ್ಯಾಗ ಡಾಂಬರ ರೋಡಿನ ಮ್ಯಾಲ ನೀರ ಕಾಣ್ತಾವ. ಕೊಡ ತರ್ಲೇನು?"

ಆ ಸಂಜೆ ಅಪ್ಪ ಸೋತ ಖುಷಿಯಲ್ಲಿ ಎರಡು ಕಪ್ ಚಹಾ ಕುಡಿದರು.

ಗೇಟಿನ ಬಳಿ ಆಡುವ ಮಕ್ಕಳನ್ನು ಕಂಡರೆ ಆಕೆಗೆ ಊರಿನ ಮೊಮ್ಮಕ್ಕಳ ನೆನಪು. ಸೆರಗಿನ ಗಂಟಿನಿಂದ ಹುರಿದ ಶೇಂಗಾ ಕೊಡುತ್ತಿದ್ದಳು. ಎರಡೂ ಅಂಗೈಯಿಂದ ಮಗುವಿನ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಕಣತಲೆಗೊತ್ತಿ ಲಟಕ್ಕನೆ ಲಟಿಕೆ ಮುರಿಯುತ್ತಿದ್ದಳು. ದೃಷ್ಟಿ ತೆಗೆಯುವ ಕ್ರಮ. ಈ ನಾಡಿನಲ್ಲಿ ಅಜ್ಜಿಯಿಂದ ಅದನ್ನು ಪಡೆಯದೆ ಬೆಳೆದವರು ಕಡಿಮೆ.

ಆಗ ಮಕ್ಕಳ ಕಳ್ಳರ ಸಂದೇಶ ಹರಿದಾಡಲು ಶುರುವಾಯಿತು. ಹೊರಗಿನಿಂದ ಗುಂಪು ಬಂದಿದೆ, ಮಕ್ಕಳ ಮುಖಕ್ಕೆ ಪುಡಿ ಸವರಿ ಎಚ್ಚರ ತಪ್ಪಿಸುತ್ತಾರೆ, ಗುಂಪಿನಲ್ಲಿ ಹೆಂಗಸರೂ ಇದ್ದಾರೆ. ಅಪ್ಪನಿಗೆ ಓದಿ ಹೇಳಿದೆ. ಎಲ್ಲಿ ಐತಿ ಅಂತ ಎಂದರು. ನಕ್ಕೆವು.

ಒಂದು ಶುಕ್ರವಾರ ಸಂಜೆ ಆಫೀಸಿನ ಕ್ಯಾಬಿನಿಂದ ಇಳಿದಾಗ ಗೇಟಿನಲ್ಲಿ ಜನ. ಮೇಲಿನ ಬಾಲ್ಕನಿಯಿಂದ ಯಾರೋ ತೆಗೆದ ಫೋಟೋ ಆಗಲೇ ಎಲ್ಲರ ಫೋನಿನಲ್ಲಿತ್ತು. ಆ ಹೆಂಗಸಿನ ಎರಡೂ ಕೈ ಒಂದು ಮಗುವಿನ ಮುಖದ ಮೇಲೆ. ಫೋಟೋ ಅಲ್ಲಿಗೇ ನಿಂತಿತ್ತು. ಲಟಿಕೆ ಮುರಿದದ್ದು ಅದರಲ್ಲಿರಲಿಲ್ಲ.

ಆಕೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಕುಪ್ಪಸದ ತೋಳು ಹರಿದಿತ್ತು, ಶೇಂಗಾ ನೆಲದ ತುಂಬಾ ಚೆಲ್ಲಿತ್ತು. ಯಾವ ಊರು ಎಂದು ಕೇಳಿದ್ದರಂತೆ. ಯಾದಗಿರಿ ಅಂದಿದ್ದಳಂತೆ. ಅವರಿಗೆ ಗೊತ್ತಿದ್ದ ಯಾದಗಿರಿ ಇಲ್ಲೇ ಹತ್ತಿರದ ಗುಡಿಯ ಬೆಟ್ಟ, ಯಾದಗಿರಿಗುಟ್ಟ. ಅಲ್ಲಿಯವಳಾದರೆ ತೆಲುಗು ಯಾಕೆ ಬರುವುದಿಲ್ಲ? ಸಿಕ್ಕಿಬಿದ್ದಳು ಸುಳ್ಳಿ ಎಂದು ಯಾರೋ ಕಪಾಳಕ್ಕೆ ಹೊಡೆದಿದ್ದರು. ಆಕೆ ಗುಂಪಿನ ತಲೆಗಳ ಮೇಲಿಂದ ಕೂಗಿದಳು.

"ಅಣ್ಣಾರ, ನೀವರ ಹೇಳ್ರಿ!"

ಅಪ್ಪ ನೂಕಿಕೊಂಡು ಮುಂದೆ ಹೋಗಿದ್ದರು. ಅಸೋಸಿಯೇಷನ್ನಿನ ಕಾರ್ಯದರ್ಶಿ ಸಭ್ಯ ಮನುಷ್ಯ, ಅಪ್ಪನ ಮೇಲೆ ಗೌರವವಿದ್ದವನು. ತೆಲುಗಿನಲ್ಲಿ ಮೆಲ್ಲಗೆ ಕೇಳಿದ, ಈಕೆ ನಿಮಗೆ ಗೊತ್ತಾ ಅಂಕಲ್?

ಗೊತ್ತು, ಎಂದರು ಅಪ್ಪ.

ಏನಾಗಬೇಕು ನಿಮಗೆ?

ಏನೂ ಆಗಬೇಕಿಲ್ಲ, ದಿನಾ ನೀರಿಗೆ ಬರುತ್ತಾಳೆ, ಎಂದರು. ನಿಜವೇ.

ಯಾವ ಊರು?

"ಕರ್ಣಾಟಕಲೋ ಯಾದಗಿರಿ ದಗ್ಗರ ಊರಂಟ," ಎಂದರು ಅಪ್ಪ. ಕರ್ನಾಟಕದ ಯಾದಗಿರಿ ಹತ್ತಿರದ ಊರಂತೆ.

ಮನೆಯವರು?

ಮಗ ಸೊಸೆ ಇದ್ದಾರಂಟ. ಊರಲ್ಲಿ ಮೊಮ್ಮಕ್ಕಳು ಇದ್ದಾರಂಟ.

ಹಿಂದಿನಿಂದ ಒಬ್ಬ ನಕ್ಕ. "ಅನ್ನೀ ಅಂಟಲೇನಾ, ಅಂಕಲ್?" ಎಲ್ಲಾ ಅಂತೆಗಳೇ? ಇನ್ನೊಬ್ಬ ಫೋನು ಎತ್ತಿ ಹಿಡಿದ. ನಾವು ಅಂತೆಕಂತೆ ಹೇಳುತ್ತಿಲ್ಲ, ನೋಡಿದ್ದೇವೆ, ಇಗೋ ನೋಡಿ. ಜೀವಮಾನವಿಡೀ ಕಂಡದ್ದರ ಪರ ವಾದಿಸಿದ ಮನುಷ್ಯನ ಮುಂದೆ ಆ ಗುಂಪಿನವರು ತಾವು ಕಂಡದ್ದನ್ನು ಹಿಡಿದಿದ್ದರು. ನಾನು ತೆಲುಗಿನಲ್ಲಿ ಕೂಗಿದೆ, ಇಂಗ್ಲಿಷಿನಲ್ಲಿ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಆ ಗಲಾಟೆಯಲ್ಲಿ ಆಕೆ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಅದು ಇದ್ದಿದ್ದರೆ ಚೆನ್ನಾಗಿತ್ತು.

ಪೊಲೀಸರ ಜೀಪು ಬಂದಿದ್ದರಿಂದ ಜೀವ ಉಳಿಯಿತು. ಮರುದಿನ ಬೆಳಿಗ್ಗೆ ಅಪ್ಪ, ನಾನು ಠಾಣೆಗೆ ಹೋದೆವು. ಆಕೆಯದೇನೂ ತಪ್ಪಿಲ್ಲ, ಮಗ ಬಂದು ಕರೆದುಕೊಂಡು ಹೋದ ಎಂದರು. ಶೆಡ್ಡಿಗೆ ಹೋದರೆ ಒಲೆಯ ಮೂರು ಕಲ್ಲುಗಳಿದ್ದವು, ಮನೆಯವರಿರಲಿಲ್ಲ. ತಂಟೆ ಬೇಡವೆಂದು ಗುತ್ತಿಗೆದಾರ ಕೆಲಸ ಬಿಡಿಸಿ ಕಳಿಸಿದ್ದ.

"ಊರಿಗೆ ಹೋದ್ರಂತ್ರಿ," ಎಂದ ಪಕ್ಕದ ಶೆಡ್ಡಿನವನು.

ಅಪ್ಪ ಅಭ್ಯಾಸಬಲದಿಂದ ಬಾಯಿ ತೆರೆದರು. ಏನೂ ಕೇಳದೆ ಮುಚ್ಚಿಕೊಂಡರು.

ವಾರ ಕಳೆಯುವುದರೊಳಗೆ ಅದೇ ಫೋಟೋ ಕಲಬುರಗಿಯ ಸಂಬಂಧಿಯೊಬ್ಬರಿಂದ ನನ್ನ ಫೋನಿಗೆ ಬಂತು. ಮೇಲೆ ಕನ್ನಡದಲ್ಲಿ ಬರೆದಿತ್ತು. ಮಕ್ಕಳ ಕಳ್ಳಿ ನಮ್ಮ ಜಿಲ್ಲೆಗೆ ಬಂದಿದ್ದಾಳೆ, ಕಂಡಲ್ಲಿ ಹಿಡಿಯಿರಿ. ಅಪ್ಪ ಎರಡು ಸಲ ಓದಿಸಿದರು. 'ಅಂತೆ' ಇರಲಿಲ್ಲ. ಇದು ಸುಳ್ಳು ಎಂದು ನಾನು ಬರೆದು ಹಾಕಿದೆ, ಎಲ್ಲ ಗುಂಪುಗಳಲ್ಲೂ. ಇರಲಿ, ಜಾಗ್ರತೆಯಾಗಿರುವುದು ಒಳ್ಳೆಯದಲ್ಲವೇ ಎಂದು ಉತ್ತರ ಬಂತು. ಆ ದಿನಗಳಲ್ಲಿ ಗೊತ್ತಿಲ್ಲದ ಹಳ್ಳಿಯಲ್ಲಿ, ಬಸ್ ನಿಲ್ದಾಣದಲ್ಲಿ ಜನ ಜನರನ್ನು ಬಡಿಯುತ್ತಿದ್ದ ಸುದ್ದಿ ಬರುತ್ತಿತ್ತು. ಆಕೆ ಬಸ್ಸಿನಲ್ಲಿ ಹೋಗಿರಬೇಕು. ಆಕೆಯ ಮುಖ ಆಕೆಗಿಂತ ಮೊದಲೇ ಊರು ಸೇರಿತ್ತು.

ಗುತ್ತಿಗೆದಾರನ ಹತ್ತಿರ ಇದ್ದ ಮಗನ ಫೋನು ನಂಬರು ಹತ್ತಲಿಲ್ಲ. ಹಳ್ಳಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ.

ಅವರು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. ಸಂಜೆಯ ವಾದವೂ ನಿಂತಿತು. ಒಂದು ದಿನ ಚಹಾ ಆರುತ್ತಿದ್ದಾಗ ತಾವಾಗಿಯೇ ಹೇಳಿದರು.

"ದಿನಾ ತಂಗಿ, ತಂಗಿ ಅಂತಿದ್ದೆ. ಏನಾಗಬೇಕು ಅಂತ ಕೇಳಿದಾಗ ತಂಗಿ ಅನ್ನಾಕ ಏನಾಗಿತ್ತು ನನಗ?"

"ನೀವು ಖರೆ ಹೇಳಿದ್ರಿ, ಅಪ್ಪಾ."

"ಹೌದು. ಖರೆ ಹೇಳಿ ಕೈ ತೊಳಕೊಂಡೆ."

ಪರೀಕ್ಷಿಸುವುದು ನನ್ನ ಕಸುಬು, ತಪ್ಪು ಎಲ್ಲಿದೆ ಎಂದು ತೋರಿಸುವುದಕ್ಕೆ ಸಂಬಳ. ಇಲ್ಲಿ ಅಪ್ಪನ ತಪ್ಪು ಎಲ್ಲಿತ್ತು ಎಂದು ಇವತ್ತಿಗೂ ತೋರಿಸಲಾರೆ. ಅವರ ಬಾಯಿಂದ ಬಂದ ಒಂದೊಂದು ಮಾತೂ ಸರಿಯಾಗಿತ್ತು.

ಮುಂದಿನ ಚಳಿಗಾಲಕ್ಕೆ ಅವರ ಹೃದಯ ಸೋಲತೊಡಗಿತು. ಆಸ್ಪತ್ರೆ ಬೇಡವೆಂದರು, ಮನೆಯಲ್ಲೇ ಕಿಟಕಿಯ ಪಕ್ಕ ಮಂಚ ಹಾಕಿದೆವು. ಪಕ್ಕದ ಕಟ್ಟಡ ಆಗಲೇ ಮೇಲೇರಿ ಬೆಳಕು ಅರ್ಧ ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಚಮಚ ಪಕ್ಕಕ್ಕೆ ಸರಿಸಿ ಕೇಳಿದರು.

"ಆಕಿ ಊರು ಮುಟ್ಟಿದಳಂತೇನವಾ?"

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ಅದುವರೆಗೂ ಗೊತ್ತಾಗಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ.

"ಮುಟ್ಟಿದಳಪ್ಪಾ," ಎಂದೆ.

ಕಣ್ಣು ಅಗಲವಾಗಿ ತೆರೆದು ನನ್ನ ಮುಖ ನೋಡಿದರು. ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಅದಕ್ಕೆ ಮೊದಲೇ ಹೇಳಿಬಿಟ್ಟೆ.

"ನಾ ಕಂಡೀನಿ. ಮೊಮ್ಮಕ್ಕಳ ಜೋಡಿ ಅಂಗಳದಾಗ ಕುಂತಿದ್ದಳು. ಅಣ್ಣಾರು ಆರಾಮ ಅದಾರೇನು ಅಂದ್ಲು."

ನಾನು ಹೈದರಾಬಾದು ಬಿಟ್ಟು ಎಲ್ಲಿಗೂ ಹೋಗಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನನಗೆ ತಿಳಿವಳಿಕೆ ಬಂದ ಮೇಲೆ ಮೊದಲ ಸಲ, ಅವರು ಏನನ್ನೂ ಕೇಳಲಿಲ್ಲ. ಗಂಜಿಗೆ ಬಾಯಿ ತೆರೆದರು.