ಗೌಜಲಕ್ಕಿ ಮತ್ತು ಖಾನೇಷುಮಾರಿ

“ಬರೇ ‘ಬಲಿ ಹಾಕಾಂವ’ ಅಂತ ಬರದ್ರ ಹೆಂಗ್ರಿ ಮಾಸ್ತರ? ಮೊಲಕ್ಕ ಉರ್ಲು, ಬುರ್ಲಿ ಹಕ್ಕಿಗೆ ಬಲಿ, ಗೌಜಲಕ್ಕಿಗೆ ಕಾಲಿಗೆ ಬಿಗಿಯೋ ಕಣ್ಣಿ!” ಉದ್ಯೋಗ ಬಲೆ ಹಾಕುವುದು ಎಂದು ಬರೆದದ್ದಕ್ಕೆ ಗುಡೂರಿನ ಹಕ್ಕಿ ಹಿಡಿಯುವ ಮುದುಕ ನನ್ನನ್ನೇ ಗದರಿಸಿದ.

ಖಾನೇಷುಮಾರಿಗೆಂದು ಮನೆಮನೆ ತಿರುಗಿ ಜನರ ಹೆಸರು, ಉದ್ಯೋಗ ಬರೆದುಕೊಳ್ಳಲು ಸರಕಾರದವರು ಶಾಲೆಯ ಮಾಸ್ತರನಾದ ನನ್ನನ್ನು ಹಚ್ಚಿದ್ದರು. ಹಿಡಿದೊಯ್ಯುತ್ತಾರೆಂದು ಹೆದರಿ ಓಣಿಯ ಜನ ಬಾಗಿಲು ಹಾಕಿಕೊಂಡಿದ್ದರು. “ನಾ ನಿಮ್ಮಾಂವ, ಹೆದರಬ್ಯಾಡ್ರಿ, ಬರ್ರಿ” ಎಂದು ಕೂಗಿ ಕೂಗಿ ಒಬ್ಬೊಬ್ಬರನ್ನೇ ಹೊರಗೆ ಕರೆದಿದ್ದೆ.

ಮುದುಕನ ಪಂಜರದಲ್ಲೊಂದು ಗೌಜಲಕ್ಕಿ ಇತ್ತು. “ಇದು ಸಾಕಿದ್ದೇನು?” ಎಂದೆ.

“ಇದಕ್ಕ ದೀಮ ಅಂತೇವ್ರಿ. ಕಾಳು ನಾ ಹಾಕ್ತೇನಿ. ಇದು ಕಣ್ಣಿ ನಡುವ ಕುಂತು ಕೂಗ್ತದ. ನಮ್ಮದs ಹಕ್ಕಿ ಅಂತ ನಂಬಿ ಉಳಿದುವು ಬಂದು ಬೀಳ್ತಾವ.” ನನ್ನ ರುಮಾಲು, ಕೈಯಲ್ಲಿದ್ದ ಸರಕಾರಿ ಕಾಗದ ಎರಡನ್ನೂ ನಿಧಾನವಾಗಿ ನೋಡಿ ಕೇಳಿದ: “ಅಂದಂಗ, ನಿಮ್ಮ ಉದ್ಯೋಗಕ್ಕ ಏನಂತ ಬರಕೊಂಡೀರಿ?”

ಇಡೀ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ಹಲ್ಲು ಕಿರಿದೆ, ಮತ್ತೇನು ಮಾಡಲಿ?

ಮನೆಗೆ ಬಂದು ನನ್ನ ಹೆಸರಿನ ಮುಂದೆ ‘ಮಾಸ್ತರ’ ಎಂದೇ ಬರೆದೆ. ಆದರೆ ಮರುದಿನ ಪಕ್ಕದ ಓಣಿಯಲ್ಲಿ ನಿಂತು “ನಾ ನಿಮ್ಮಾಂವ” ಎನ್ನಲು ಬಾಯಿ ತೆರೆದರೆ ಬರೀ ಕೆಮ್ಮು ಬಂತು.